ಉಣ್ಣೆ ಕಸವಲ್ಲ, ನೂಲುವವಳ ಕೂಲಿ ಎಲ್ಲಿ?

ಕುರಿ ಸಾಕುವ ಹಟ್ಟಿಗಳಲ್ಲಿ ಈಗ ಒಂದು ವಿಚಿತ್ರ ನಡೆದಿದೆ. ಉಣ್ಣೆ ಕತ್ತರಿಸುವವರಿಗೆ ಕುರಿಗೆ ಇಷ್ಟು ಎಂದು ಕೂಲಿ ಕೊಟ್ಟು, ಊಟ ಹಾಕಿ, ಕತ್ತರಿಸಿದ ಉಣ್ಣೆಯನ್ನು ತಿಪ್ಪೆಗೋ ಬೇಲಿಯ ಬುಡಕ್ಕೋ ಸುರಿದು ಮಂದೆ ಮುಂದಕ್ಕೆ ಹೋಗುತ್ತದೆ. ಕತ್ತರಿಸದೆ ಬಿಡುವ ಹಾಗಿಲ್ಲ. ಉಣ್ಣೆ ಬೆಳೆದ ಕುರಿಗೆ ಬಿಸಿಲಲ್ಲಿ ಸೆಕೆ, ಮಳೆಯಲ್ಲಿ ಭಾರ, ಒಳಗೆ ಉಣ್ಣಿಯ ಕಾಟ. ಕತ್ತರಿಸಿದ್ದನ್ನು ಮಾರುವ ಹಾಗೂ ಇಲ್ಲ, ಕೊಳ್ಳುವವನೇ ಬರುವುದಿಲ್ಲ. ಒಂದು ಕಾಲಕ್ಕೆ ಉಣ್ಣೆ ಮಾರಿದ ದುಡ್ಡಿನಲ್ಲಿ ಕತ್ತರಿಯ ಖರ್ಚು ಕಳೆದು ಮನೆಗೆ ಜೋಳ, ಉಪ್ಪು, ಮೆಣಸಿನಕಾಯಿ ಬರುತ್ತಿತ್ತು. ಈಗ ಉಣ್ಣೆಯ ಬೆಲೆ ಕತ್ತರಿಯ ಕೂಲಿಗೂ ಸಾಲದು. ಮನೆಯಲ್ಲೇ ಬೆಳೆದ ಸಂಪತ್ತು ಮನೆಗೇ ದಂಡವಾಗಿದೆ.

ಇದನ್ನು ಕಂಡ ಪೇಟೆಯವರು ಕಾಲ ಬದಲಾಯಿತು ಎಂದು ಹೇಳಿ ಸುಮ್ಮನಾಗುತ್ತಾರೆ. ಅಧಿಕಾರಿಗಳನ್ನು ಕೇಳಿದರೆ, ನಿಮ್ಮ ಕುರಿಯ ಉಣ್ಣೆ ಒರಟು, ಅದಕ್ಕೆ ಬೆಲೆ ಇಲ್ಲ ಎನ್ನುತ್ತಾರೆ. ಮೊದಲನೆಯವರ ಮಾತಿಗೆ ಅರ್ಥವಿಲ್ಲ. ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಸತ್ಯ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಉಣ್ಣೆಗೆ ಬೆಲೆ ಇಲ್ಲದಿರುವ ಕಾರಣ ಕುರಿಯ ಮೈಮೇಲೆ ಇಲ್ಲ. ಉಣ್ಣೆಗೂ ಕಂಬಳಿಗೂ ನಡುವೆ ಒಂದು ದೊಡ್ಡ ದುಡಿಮೆ ಇದೆ, ಆ ದುಡಿಮೆ ಮಾಡುವವಳು ಹೆಂಗಸು, ಆ ದುಡಿಮೆಯನ್ನು ದುಡಿಮೆ ಎಂದು ಈ ದೇಶದಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಕುರಿ ಹೆಚ್ಚಿತು, ಉಣ್ಣೆ ಇಳಿಯಿತು

ಮೊದಲು ಸರ್ಕಾರದ ಅಂಕಿಗಳನ್ನೇ ನೋಡೋಣ. ೨೦೧೨ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿದ್ದ ಕುರಿಗಳು ಸುಮಾರು ೬ ಕೋಟಿ ೫೦ ಲಕ್ಷ. ೨೦೧೯ರ ಗಣತಿಯಲ್ಲಿ ಅದು ೭ ಕೋಟಿ ೪೨ ಲಕ್ಷಕ್ಕೆ ಏರಿತು. ನಮ್ಮ ರಾಜ್ಯದಲ್ಲಿ ಸುಮಾರು ೯೬ ಲಕ್ಷ ಇದ್ದದ್ದು ೧ ಕೋಟಿ ೧೧ ಲಕ್ಷವಾಯಿತು. ತೆಲಂಗಾಣ, ಆಂಧ್ರಗಳ ನಂತರ ಕುರಿಸಂಖ್ಯೆಯಲ್ಲಿ ನಮ್ಮದೇ ಮೂರನೆಯ ರಾಜ್ಯ.

ಕುರಿ ಹೆಚ್ಚಿದರೆ ಉಣ್ಣೆಯೂ ಹೆಚ್ಚಬೇಕಲ್ಲವೆ? ಆದದ್ದು ತಿರುಗಾಮುರುಗ. ದೇಶದ ಉಣ್ಣೆಯ ಉತ್ಪತ್ತಿ ೨೦೧೪-೧೫ರಲ್ಲಿ ಸುಮಾರು ೪ ಕೋಟಿ ೮೦ ಲಕ್ಷ ಕಿಲೋ ಇದ್ದದ್ದು ೨೦೨೨-೨೩ರ ಹೊತ್ತಿಗೆ ಸುಮಾರು ೩ ಕೋಟಿ ೩೬ ಲಕ್ಷ ಕಿಲೋಗೆ ಇಳಿಯಿತು. ಕುರಿಯ ಮೈಮೇಲೆ ಉಣ್ಣೆ ಬೆಳೆಯುವುದನ್ನು ಯಾರೂ ನಿಲ್ಲಿಸಿಲ್ಲ. ಉಣ್ಣೆ ಕೊಡುವ ತಳಿಯನ್ನು ಬಿಟ್ಟು ಮಾಂಸಕ್ಕೆ ತೂಗುವ, ಮೈಮೇಲೆ ಬರೀ ಕೂದಲಿರುವ ತಳಿಯ ಟಗರನ್ನು ಮಂದೆಗೆ ಬಿಟ್ಟರು. ಉಳಿದ ಉಣ್ಣೆಯಲ್ಲಿಯೂ ಎಷ್ಟೋ ಪಾಲು ತಿಪ್ಪೆ ಸೇರಿತು.

ಕುರಿಗಾರನನ್ನು ಇದಕ್ಕೆ ದೂರುವುದು ಸಲ್ಲದು. ಅವನು ಲೆಕ್ಕ ಬಲ್ಲವನು. ಮರಿಗೆ ದರ ಉಂಟು, ಉಣ್ಣೆಗೆ ಇಲ್ಲ. ದರ ಇರುವುದನ್ನು ಸಾಕುತ್ತಾನೆ. ಒಮ್ಮೆ ಮೆರಿನೋ, ರಾಂಬುಲೆ ಟಗರುಗಳನ್ನು ದಖ್ಖನಿ ಕುರಿಗೆ ಕೂಡಿಸಿ ಉಣ್ಣೆ ನಯ ಮಾಡಿಕೊಳ್ಳಿ ಎಂದು ಬೋಧಿಸಿದವರೂ ಸರ್ಕಾರದ ತಜ್ಞರೇ, ಮತ್ತೊಮ್ಮೆ ಉಣ್ಣೆಯ ಚಿಂತೆ ಬಿಟ್ಟು ಮಾಂಸ ನೋಡಿಕೊಳ್ಳಿ ಎಂದು ಬೋಧಿಸಿದವರೂ ಅವರೇ. ನಡುವೆ, ಉರಿಬಿಸಿಲಿನಲ್ಲಿ ದಿನಕ್ಕೆ ಹರದಾರಿಗಟ್ಟಲೆ ನಡೆದು, ಕಡ್ಡಿ ಕಸ ಮೇಯ್ದು ಬದುಕುವ ಕಪ್ಪು ಉಣ್ಣೆಯ ದಖ್ಖನಿ ಕುರಿಯೇ ಕಾಣದಾಗುತ್ತ ಬಂದಿದೆ.

ಕಂಬಳಿಯ ಹುಟ್ಟು

ಕಂಬಳಿ ಹೊದ್ದವರೆಲ್ಲ ಕಂಬಳಿ ಹುಟ್ಟುವುದನ್ನು ಕಂಡವರಲ್ಲ. ಆದ ಕಾರಣ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ವರುಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಅದಕ್ಕೆ ಮುಂಚೆ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಹೊಡೆದು ಮೈ ತೊಳೆಯುತ್ತಾರೆ. ಕಾಲು ಕಟ್ಟಿ ಮಲಗಿಸಿ, ಚರ್ಮಕ್ಕೆ ತಾಕದ ಹಾಗೆ ಕತ್ತರಿ ಆಡಿಸುವುದು ಪಳಗಿದ ಕೈಯ ಕೆಲಸ. ದಖ್ಖನಿ ಕುರಿಯೊಂದು ಇಡೀ ವರುಷಕ್ಕೆ ಕೊಡುವ ಉಣ್ಣೆ ಒಂದು ಕಿಲೋ ಕೂಡ ಮುಟ್ಟುವುದಿಲ್ಲ. ಒಂದು ಒಳ್ಳೆಯ ಕಂಬಳಿಗೆ ಎರಡು ಮೂರು ಕಿಲೋ ಬೇಕು. ಅಂದರೆ ಒಂದು ಕಂಬಳಿಯ ಹಿಂದೆ ಹಲವು ಕುರಿಗಳ ಒಂದು ವರುಷದ ಮೇವು ಇದೆ.

ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಹುಲ್ಲಿನ ಬೀಜ, ಮಣ್ಣು, ಹಿಕ್ಕೆ ಎಲ್ಲವೂ ಇರುತ್ತದೆ. ಅದನ್ನು ಬೆರಳಿನಿಂದ ಬಿಡಿಸಿ ಆಯುವುದು ಹೆಂಗಸರ ಕೆಲಸ, ಮುದುಕಿಯರ ಕೆಲಸ. ಕಪ್ಪು, ಬೂದು, ಬಿಳಿ ಎಂದು ಬಣ್ಣ ಬೇರ್ಪಡಿಸಬೇಕು, ಏಕೆಂದರೆ ಕಂಬಳಿಯ ಕಪ್ಪು ಬಣ್ಣದ ಅಂಗಡಿಯಿಂದ ಬಂದದ್ದಲ್ಲ, ಕುರಿಯ ಮೈಯಿಂದ ಬಂದದ್ದು. ಆಮೇಲೆ ಬಿಲ್ಲಿನ ಹೆದೆಯಿಂದ ಬಡಿದು ಹಿಂಜಿ, ಹಂಜಿ ಮಾಡಿ, ರಾಟೆಗೆ ಹಿಡಿದು ನೂಲಬೇಕು. ಹಾಸಿಗೆ ಬೇಕಾದ ನೂಲು ಬಿಗಿಯಾಗಿ ಹುರಿಗೊಂಡಿರಬೇಕು, ಹೊಕ್ಕಿನ ನೂಲು ಸ್ವಲ್ಪ ಸಡಿಲವಿದ್ದರೂ ನಡೆಯುತ್ತದೆ. ಹಾಸು ಹೂಡಿದ ಮೇಲೆ ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿದ ಸರಿಯನ್ನು ಕುಂಚದಿಂದ ಎಳೆಎಳೆಗೂ ಬಳಿದು ಬಿಸಿಲಿಗೆ ಒಣಗಿಸಬೇಕು. ಅದನ್ನು ಬೇಯಿಸುವವಳೂ ಹೆಂಗಸೇ. ಇಷ್ಟೆಲ್ಲ ಆದ ಮೇಲೆ ಗಂಡಸು ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಾನೆ.

ಕೈಯಿಂದ ನೂಲುವುದಕ್ಕೆ ಹಿಡಿಯುವ ಹೊತ್ತು ನೇಯುವ ಹೊತ್ತಿಗಿಂತ ಹಲವು ಪಟ್ಟು ಹೆಚ್ಚು. ಒಂದು ಮಗ್ಗ ಬಿಡುವಿಲ್ಲದೆ ಆಡಬೇಕಾದರೆ ಹಲವು ರಾಟೆಗಳು ತಿರುಗಬೇಕು. ಇದು ಹತ್ತಿಗೂ ನಿಜ, ಉಣ್ಣೆಗೂ ನಿಜ. ಆದರೂ ನಾವು ನೇಕಾರ ಎನ್ನುತ್ತೇವೆ, ಮಗ್ಗ ಎನ್ನುತ್ತೇವೆ, ನೇಕಾರರ ಸಂಘ ಎನ್ನುತ್ತೇವೆ. ನೂಲುವವಳಿಗೆ ಒಂದು ಹೆಸರು ಕೂಡ ಇಟ್ಟಿಲ್ಲ. ಅವಳು ಮನೆಯ ಹೆಂಗಸು, ಅಷ್ಟೇ. ಅಡಿಗೆ ಮುಗಿದ ಮೇಲೆ, ಮಗು ಮಲಗಿದ ಮೇಲೆ, ಹೊಲದ ಕೂಲಿ ಇಲ್ಲದ ದಿನ ಕೂತು ನೂಲುವುದು ಕೆಲಸವಲ್ಲ, ಹೊತ್ತು ಕಳೆಯುವುದು ಎಂದು ಗಂಡಸರೂ ತಿಳಿದರು, ಸಾಹುಕಾರರೂ ತಿಳಿದರು, ಸರ್ಕಾರವೂ ತಿಳಿಯಿತು.

ಒಂದು ಸಣ್ಣ ಲೆಕ್ಕ

ಉದ್ಯೋಗ ಖಾತ್ರಿ ಯೋಜನೆಯಲ್ಲಿ ೨೦೨೫-೨೬ಕ್ಕೆ ಕರ್ನಾಟಕಕ್ಕೆಂದು ಗೊತ್ತುಮಾಡಿದ ದಿನಗೂಲಿ ೩೭೦ ರೂಪಾಯಿ. ಮಣ್ಣು ಅಗೆದು ಹೊರುವವರಿಗೆ ಕೊಟ್ಟ ಕೂಲಿ ಇದು, ಇದೇನೂ ಹೆಚ್ಚಲ್ಲ. ಒಂದು ಕಂಬಳಿಗೆ ಬೇಕಾದ ಉಣ್ಣೆಯನ್ನು ಆಯ್ದು, ಹಿಂಜಿ, ನೂಲುವುದಕ್ಕೆ ಒಬ್ಬ ಹೆಂಗಸಿಗೆ ಆರು ದಿನ ಬೇಕು ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಆರು ದಿನಕ್ಕೆ ೨,೨೨೦ ರೂಪಾಯಿ. ಉಣ್ಣೆಯ ಬೆಲೆ ಇದರಲ್ಲಿ ಸೇರಿಲ್ಲ, ಕತ್ತರಿಯ ಕೂಲಿ ಸೇರಿಲ್ಲ, ನೇಕಾರನ ಕೂಲಿ ಸೇರಿಲ್ಲ, ಸಂತೆಗೆ ಹೊತ್ತ ಬಸ್ಸಿನ ಚಾರ್ಜು ಸೇರಿಲ್ಲ.

ಈ ಲೆಕ್ಕವನ್ನು ಸಂತೆಯಲ್ಲಿ ಕಂಬಳಿ ಚೌಕಾಶಿ ಮಾಡುವವನಿಗೆ ಹೇಳಿದರೆ ನಕ್ಕುಬಿಡುತ್ತಾನೆ. ಅವನು ನಗುವುದಕ್ಕೆ ಕಾರಣವೇನು? ಇಷ್ಟು ಕಾಲವೂ ಆ ೨,೨೨೦ ರೂಪಾಯಿಯನ್ನು ಯಾರೂ ಕೊಟ್ಟಿರಲಿಲ್ಲ. ನೂಲಿದವಳು ಅದನ್ನು ತನ್ನ ಮೈಯಿಂದ ಕೊಟ್ಟಿದ್ದಳು. ಕಂಬಳಿ ಅಗ್ಗವಾಗಿದ್ದದ್ದು ಅವಳ ಕೂಲಿ ಸೊನ್ನೆಯಾಗಿದ್ದರಿಂದ. ಮಗಳು ಶಾಲೆಗೆ ಹೋಗಿ ನಾಲ್ಕು ಅಕ್ಷರ ಕಲಿತಳು, ಸೊನ್ನೆ ಕೂಲಿಗೆ ನೂಲಲಾರೆ ಎಂದಳು. ನ್ಯಾಯವಾದ ಮಾತು. ರಾಟೆ ನಿಂತಿತು. ರಾಟೆ ನಿಂತರೆ ಮಗ್ಗ ನಿಂತಿತು, ಮಗ್ಗ ನಿಂತರೆ ಉಣ್ಣೆ ಕಸವಾಯಿತು. ಕಾಲ ಬದಲಾಯಿತು ಎಂದು ನಾಲಿಗೆ ಚಪ್ಪರಿಸುವವರು ಈ ಸರಪಣಿಯನ್ನು ಕೊನೆಯಿಂದ ಹಿಡಿದು ಮೊದಲಿಗೆ ಬರಲಿ, ರಾಟೆಯ ಮುಂದೆ ಬಂದು ನಿಲ್ಲುತ್ತಾರೆ.

ಇದು ನಾವೇ ಮೊದಲು ಕಂಡ ಸತ್ಯವಲ್ಲ. ರಾಟೆಯನ್ನು ದೇಶದ ಕೈಗೆ ಕೊಟ್ಟ ಗಾಂಧೀಜಿಗೆ ೧೯೩೫ರಲ್ಲಿ ಈ ಪ್ರಶ್ನೆ ಎದುರಾಯಿತು. ಎಂಟು ಗಂಟೆ ನೂಲಿದವಳಿಗೆ ಎಂಟಾಣೆ ಸಿಗಬೇಕು ಎಂದು ಅವರು ವಾದಿಸಿದರು. ಖಾದಿಯ ಬೆಲೆ ಏರಿದರೆ ಕೊಳ್ಳುವವರು ಓಡಿಹೋಗುತ್ತಾರೆ ಎಂದು ಖಾದಿಯ ಕೆಲಸಗಾರರೇ ಹೆದರಿದರು. ಕೊನೆಗೆ ಒಪ್ಪಿದ ಕೂಲಿ ಎಂಟಾಣೆಗಿಂತ ಬಹಳ ಕೆಳಗೆ ನಿಂತಿತು. ಅಂದು ಪೂರಾ ತೀರದ ವ್ಯಾಜ್ಯ ಇಂದಿಗೂ ತೀರಿಲ್ಲ. ಉಟ್ಟವನಿಗೆ ಅಗ್ಗವಾಗಬೇಕಾದರೆ ನೂತವಳು ಉಪವಾಸವಿರಬೇಕೆ? ಎಂಟಾಣೆಯ ಪ್ರಶ್ನೆಯ ತಿರುಳು ಇದು.

ಒರಟು ಎಂಬ ನೆಪ

ಇನ್ನು ಅಧಿಕಾರಿಗಳ ಮಾತು. ದಖ್ಖನಿ ಉಣ್ಣೆ ಒರಟು, ನಿಜ. ಅದರಿಂದ ಸೂಟು ಹೊಲಿಯಲಾಗದು. ಆದರೆ ನಯವಾದ ಉಣ್ಣೆ ಬೆಳೆದವನು ಸುಖವಾಗಿದ್ದಾನೆಯೆ? ದೂರದ ಒಂದು ದೇಶವನ್ನು ನೋಡೋಣ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡೀಸ್ ಪರ್ವತದ ಮೇಲೆ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಆಲ್ಪಕ ಎಂಬ ಪ್ರಾಣಿಯನ್ನು ಸಾಕುತ್ತಾರೆ. ಒಂಟೆಯ ಕುಲದ್ದು, ಕುರಿಗಿಂತ ದೊಡ್ಡದು, ಉದ್ದ ಕತ್ತಿನದು. ಅದರ ತುಪ್ಪಳ ಜಗತ್ತಿನ ಅತ್ಯಂತ ನಯವಾದ ಉಣ್ಣೆಗಳಲ್ಲಿ ಒಂದು. ಜಗತ್ತಿನ ಆಲ್ಪಕಗಳ ಬಹುಪಾಲು ಪೆರುವಿನಲ್ಲಿಯೇ ಇವೆ. ಅಲ್ಲಿಯ ಹೆಂಗಸರು ಮಂದೆಯ ಹಿಂದೆ ನಡೆಯುತ್ತಲೇ ಕೈಯಲ್ಲಿ ಕದಿರು ತಿರುಗಿಸಿ ನೂಲುತ್ತಾರೆ, ಮನೆಮಂದಿಗೆ ಟೋಪಿ, ಹೊದಿಕೆ ಹೆಣೆದು ನೇಯುತ್ತಾರೆ. ನಮ್ಮ ಹಟ್ಟಿಯ ಅಜ್ಜಿ ಅವರನ್ನು ಕಂಡರೆ ಗುರುತು ಹಿಡಿದಾಳು.

೧೮೩೦ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಎಂಬ ಗಿರಣಿಗಾರ ಲಿವರ್‌ಪೂಲಿನ ಉಗ್ರಾಣದಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಆಲ್ಪಕ ತುಪ್ಪಳದ ಮೂಟೆಗಳನ್ನು ಕೊಂಡ. ಅದನ್ನು ಯಂತ್ರದಲ್ಲಿ ನೂಲುವ ಬಗೆಯನ್ನು ಸಾಧಿಸಿದ. ಅಂದು ಅವನ ಸಂಪತ್ತು ಬೆಳೆದದ್ದು ಎಷ್ಟೆಂದರೆ, ೧೮೫೩ರಲ್ಲಿ ದೊಡ್ಡ ಗಿರಣಿ ಕಟ್ಟಿಸಿ, ಅದರ ಸುತ್ತ ಒಂದು ಊರನ್ನೇ ನಿರ್ಮಿಸಿ, ಅದಕ್ಕೆ ತನ್ನ ಹೆಸರನ್ನೂ ಅಲ್ಲಿಯ ನದಿಯ ಹೆಸರನ್ನೂ ಸೇರಿಸಿ ಸಾಲ್ಟೇರ್ ಎಂದು ಕರೆದ. ಆಲ್ಪಕ ಸಾಕಿದವನಿಗೆ ಊರು ಹುಟ್ಟಲಿಲ್ಲ. ಇಂದಿಗೂ ಪುನೋ, ಕುಸ್ಕೋ ಸೀಮೆಯ ಸಣ್ಣ ಕುರುಬ ತುಪ್ಪಳವನ್ನು ಹಸಿಯಾಗಿಯೇ ತೂಕಕ್ಕೆ ಹಾಕಿ ದಲ್ಲಾಳಿಗೆ ಮಾರುತ್ತಾನೆ. ಅದು ಅರೆಕಿಪಾ ಪಟ್ಟಣದ ಕೆಲವೇ ದೊಡ್ಡ ಕಂಪನಿಗಳ ಗಿರಣಿಗೆ ಹೋಗಿ ನೂಲಾಗಿ ಪರದೇಶಕ್ಕೆ ಹಡಗು ಹತ್ತುತ್ತದೆ. ಸಾಕಿದವರು ಆ ದೇಶದ ಬಡವರಲ್ಲಿ ಬಡವರು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಉಣ್ಣೆ ನಯವೋ ಒರಟೋ ಎಂಬುದು ಬೆಲೆಯನ್ನು ಒಂದಷ್ಟು ಹೆಚ್ಚುಕಡಿಮೆ ಮಾಡೀತು. ಆದರೆ ಆ ಬೆಲೆ ಯಾರ ಜೇಬಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ನೂಲುವ ಹಂತ ಯಾರ ಕೈಯಲ್ಲಿದೆ ಎಂಬುದು. ತುಪ್ಪಳವನ್ನು ಹಸಿಯಾಗಿ ಮಾರುವವನು ಆಂಡೀಸಿನಲ್ಲಿಯೂ ಬಡವ, ಚಳ್ಳಕೆರೆಯಲ್ಲಿಯೂ ಬಡವ.

ಒರಟು ಎನ್ನುವವರಿಗೆ ಇನ್ನೊಂದು ಮಾತು. ಕಂಬಳಿಯ ಮೇಲೆ ಉಂಡು ಕೂದಲು ಬಂತೆಂದು ದೂರಿದರಂತೆ. ಕಂಬಳಿ ಒರಟಾಗಿರುವುದೇ ಅದರ ಗುಣ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹೀರಿಕೊಳ್ಳುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಬೆಂಕಿ ತಾಕಿದರೆ ಭಗ್ಗನೆ ಹತ್ತುವುದಿಲ್ಲ. ಆದ್ದರಿಂದಲೇ ಮಲೆನಾಡಿನ ಗದ್ದೆಯಲ್ಲಿ ನಾಟಿ ಮಾಡುವ ಕೂಲಿಗಾರ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ಬಗ್ಗಿ ದುಡಿದ. ಬಯಲುಸೀಮೆಯ ಕುರಿಗಾರ ಅದನ್ನೇ ಹಾಸಿ, ಅದನ್ನೇ ಹೊದ್ದು, ಅದರಲ್ಲೇ ಎಳೆಮರಿಯನ್ನು ಸುತ್ತಿ ಹೊತ್ತ. ಇಂಥ ವಸ್ತುವನ್ನು ಸೂಟಿನ ಬಟ್ಟೆಯ ಪಕ್ಕದಲ್ಲಿಟ್ಟು ಒರಟು ಎನ್ನುವುದು ನೇಗಿಲನ್ನು ಪೆನ್ನಿನ ಪಕ್ಕದಲ್ಲಿಟ್ಟು ಭಾರ ಎಂದ ಹಾಗೆ.

ಕಾನೂನು ಮಗ್ಗಕ್ಕೆ, ರಾಟೆಗೆ ಇಲ್ಲ

ಸರ್ಕಾರ ಏನೂ ಮಾಡಿಲ್ಲವೆ ಎಂದು ಕೇಳಬಹುದು. ಮಾಡಿದೆ, ಮಾಡಿದ್ದನ್ನು ಒಪ್ಪೋಣ. ೧೯೮೫ರಲ್ಲಿ ಪಾರ್ಲಿಮೆಂಟು ಕೈಮಗ್ಗ ಮೀಸಲಾತಿ ಕಾಯಿದೆಯನ್ನು ಅಂಗೀಕರಿಸಿತು. ಕೆಲವು ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರವೇ ನೇಯಬೇಕು, ವಿದ್ಯುತ್ ಮಗ್ಗ ಮುಟ್ಟಬಾರದು ಎಂದು ವಿಧಿಸಿತು. ಮೊದಲು ೨೨ ಬಗೆಯ ಬಟ್ಟೆಗಳಿದ್ದ ಪಟ್ಟಿಯನ್ನು ಆಮೇಲೆ ೧೧ಕ್ಕೆ ಇಳಿಸಿದರು. ಕಂಬಳಿ ಆ ಹನ್ನೊಂದರಲ್ಲಿ ಉಳಿದುಕೊಂಡಿತು. ಗಿರಣಿ ಮತ್ತು ವಿದ್ಯುತ್ ಮಗ್ಗದವರ ತಕರಾರನ್ನು ತಳ್ಳಿ ಸುಪ್ರೀಂ ಕೋರ್ಟು ೧೯೯೩ರಲ್ಲಿ ಈ ಕಾಯಿದೆಯನ್ನು ಎತ್ತಿಹಿಡಿಯಿತು.

ಆದರೆ ಈ ಕಾಯಿದೆಯಲ್ಲಿ ಎರಡು ದೊಡ್ಡ ಕಂಡಿಗಳಿವೆ. ಮೊದಲನೆಯದು ಸಂತೆಯಲ್ಲಿ ಕಣ್ಣಿಗೆ ಕಾಣುತ್ತದೆ. ಪಾಣಿಪತ್ತಿನಿಂದ ಲಾರಿಯಲ್ಲಿ ಬರುವ ಹೊದಿಕೆಗಳು ಪರದೇಶದವರು ಉಟ್ಟು ಬಿಸಾಡಿದ ಹಳೆಯ ಉಡುಪುಗಳನ್ನು ಹರಿದು ಮತ್ತೆ ನೂತ ನೂಲಿನವು, ಇಲ್ಲವೆ ಪಾಲಿಯೆಸ್ಟರಿನವು. ಪಾಲಿಯೆಸ್ಟರಾದರೆ ಕಾನೂನಿನ ಕಣ್ಣಿಗೆ ಅದು ಕಂಬಳಿಯೇ ಅಲ್ಲ. ಎರಡನೆಯ ಕಂಡಿ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಯಿದೆ ಕಾಯುವುದು ಮಗ್ಗವನ್ನು, ರಾಟೆಯನ್ನಲ್ಲ. ಗಿರಣಿಯಲ್ಲಿ ನೂತ ನೂಲನ್ನು ತಂದು ಕೈಮಗ್ಗದಲ್ಲಿ ನೇಯ್ದರೂ ಅದು ಕಾನೂನಿಗೆ ಒಪ್ಪಿದ ಕೈಮಗ್ಗದ ಮಾಲೇ. ನೇಯುವ ಗಂಡಸಿಗೆ ಒಂದು ತಡಿಕೆ ಕಟ್ಟಿಕೊಟ್ಟರು, ನೂಲುವ ಹೆಂಗಸನ್ನು ಬಯಲಲ್ಲಿ ಬಿಟ್ಟರು.

ಅತ್ತ ಬಂದರಿನ ಬಾಗಿಲು ಇನ್ನಷ್ಟು ಅಗಲವಾಗಿ ತೆರೆದಿದೆ. ಆಸ್ಟ್ರೇಲಿಯಾದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದ ೨೦೨೨ರ ಡಿಸೆಂಬರ್ ೨೯ರಂದು ಜಾರಿಗೆ ಬಂದು, ಅಲ್ಲಿಯ ಉಣ್ಣೆಯ ಮೇಲಿದ್ದ ಸುಂಕ ಹೋಯಿತು. ನಯ ಉಣ್ಣೆ ನಮ್ಮಲ್ಲಿ ಸಾಲದು, ಗಿರಣಿಗೆ ಅದು ಬೇಕು, ತರಿಸಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಪರದೇಶದ ಉಣ್ಣೆಗೆ ಬಾಗಿಲು ತೆರೆಯಲು ತೋರಿದ ಆಸ್ಥೆಯ ನೂರರಲ್ಲಿ ಒಂದು ಪಾಲನ್ನು ಬೇಲಿಯ ಬುಡದಲ್ಲಿ ಬಿದ್ದಿರುವ ಉಣ್ಣೆಯ ಮೇಲೆ ತೋರಿದ್ದರೆ ಏನು ನಷ್ಟವಾಗುತ್ತಿತ್ತು?

ಹುಲ್ಲುಗಾವಲಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಕುರಿ ಇದ್ದರೆ ಉಣ್ಣೆ, ಕಾವಲು ಇದ್ದರೆ ಕುರಿ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಎಕರೆಯನ್ನು ೨೦೦೮ರಿಂದ ೨೦೧೦ರ ನಡುವೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಿದರು. ಮಂದೆ ಮೇಯುತ್ತಿದ್ದಲ್ಲಿ ಗೋಡೆ ಎದ್ದಿತು. ದೇಶಕ್ಕೆ ವಿಜ್ಞಾನ ಬೇಕು, ಸಂದೇಹವಿಲ್ಲ. ಆದರೆ ಆ ಹುಲ್ಲಿನ ಮೇಲೆ ಬದುಕಿದ್ದವರಿಗೆ ಬದಲು ಹುಲ್ಲು ಎಲ್ಲಿ ಎಂಬ ಪ್ರಶ್ನೆ ಅಷ್ಟೇ ದೊಡ್ಡದು. ಕಂಬಳಿ ನೇಯ್ಗೆಗೆ ಹೆಸರಾದ ತಾಲ್ಲೂಕಿನಲ್ಲಿಯೇ ಹೀಗಾಯಿತೆಂದರೆ ಬೇರೆ ಕಡೆಯ ಗತಿ ಹೇಳಬೇಕಾಗಿಲ್ಲ.

ವೇದಿಕೆಯ ಕಂಬಳಿ

ಕಂಬಳಿಗೆ ಗೌರವ ಇಲ್ಲವೆಂದಲ್ಲ. ಗೌರವಕ್ಕೆ ಕೊರತೆಯೇ ಇಲ್ಲ. ಹಾಲುಮತದವರ ಮನೆಯಲ್ಲಿ ದೇವರ ಕಾರ್ಯಕ್ಕೆ ಕಂಬಳಿಯ ಗದ್ದಿಗೆ ಹಾಕುತ್ತಾರೆ. ಅವರಲ್ಲಿ ಮದುವೆಯ ಕಂಕಣ ಉಣ್ಣೆಯದೋ ಹತ್ತಿಯದೋ ಎಂಬುದರ ಮೇಲೆಯೇ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಪಂಗಡಗಳಿವೆ. ರಾಜಕಾರಣಿಗಳಿಗಂತೂ ಕಂಬಳಿಯ ಮೇಲೆ ವಿಪರೀತ ಪ್ರೀತಿ. ಕುರಿಗಾರರ ಓಟು ಇರುವ ಊರಿನ ಸಭೆಗೆ ಬಂದವರಿಗೆಲ್ಲ ಹೆಗಲಿಗೆ ಕಂಬಳಿ, ಕೈಗೆ ಕೋಲು. ೨೦೨೧ರ ಹಾನಗಲ್ ಉಪಚುನಾವಣೆಯಲ್ಲಿ ಕಂಬಳಿ ಹೊದೆಯುವ ಹಕ್ಕು ಯಾರಿಗಿದೆ ಎಂದು ರಾಜ್ಯದ ದೊಡ್ಡ ನಾಯಕರೇ ಬಹಿರಂಗವಾಗಿ ಜಗಳವಾಡಿದರು. ಆ ಕಂಬಳಿಯನ್ನು ನೂತವಳಿಗೆ ದಿನಕ್ಕೆ ಎಷ್ಟು ಬಿತ್ತು ಎಂಬ ಮಾತು ಆ ಜಗಳದಲ್ಲಿ ನಮಗೆ ಕೇಳಿಸಲಿಲ್ಲ.

ಪರರನ್ನು ದೂರಿ ಮುಗಿಸಿದರೆ ಅದು ಅಪ್ರಾಮಾಣಿಕವಾದೀತು. ನಮ್ಮ ಪಕ್ಷದ ವೇದಿಕೆಗಳಲ್ಲಿಯೂ ಕಂಬಳಿ ಹೊದಿಸಿದ್ದುಂಟು, ಹೊದ್ದದ್ದುಂಟು. ಸಮಾಜವಾದಿಗಳಾದ ನಾವು ಗೇಣಿಯ ಲೆಕ್ಕ ಕೇಳಿದೆವು, ಗಿರಣಿ ಕೂಲಿಯ ಲೆಕ್ಕ ಕೇಳಿದೆವು. ಮನೆಯ ಜಗಲಿಯ ಮೇಲೆ ತಿರುಗುತ್ತಿದ್ದ ರಾಟೆಯ ಲೆಕ್ಕ ಕೇಳುವುದು ನಮಗೂ ತಡವಾಯಿತು. ಅದು ಹೆಂಗಸಿನ ಕೆಲಸವಾಗಿದ್ದೇ ಕಾರಣ ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದದ್ದಿದೆ, ಮುಚ್ಚಿಡಬೇಕಾದದ್ದಿಲ್ಲ.

ಏನು ಮಾಡಬೇಕು?

ಒಂದು ಆಕ್ಷೇಪಕ್ಕೆ ಮೊದಲು ಉತ್ತರ ಕೊಡುತ್ತೇವೆ. ಹೆಣ್ಣುಮಕ್ಕಳನ್ನು ಮತ್ತೆ ರಾಟೆಯ ಮುಂದೆ ಕೂರಿಸಲು ಹೊರಟಿದ್ದೀರಾ ಎಂದು ಕೆಲವರು ಕೇಳಿಯಾರು. ಇಲ್ಲ. ಕಾಲೇಜಿಗೆ ಹೋಗುವವಳು ಕಾಲೇಜಿಗೆ ಹೋಗಲಿ, ನೌಕರಿ ಸಿಕ್ಕವಳು ನೌಕರಿಗೆ ಹೋಗಲಿ. ಸಂಸ್ಕೃತಿಯ ಹೆಸರಿನಲ್ಲಿ ಯಾರ ಬೆನ್ನನ್ನೂ ಬಗ್ಗಿಸುವುದು ನಮ್ಮ ಉದ್ದೇಶವಲ್ಲ. ಕೂಲಿ ಇಲ್ಲದ ರಾಟೆ ಸುಟ್ಟುಹೋದರೂ ಚಿಂತೆಯಿಲ್ಲ. ಆದರೆ ನೂಲಬಲ್ಲ ಕೈಗಳು ಇನ್ನೂ ಇವೆ. ಬೇಸಗೆಯಲ್ಲಿ ಕೂಲಿ ಹುಡುಕಿಕೊಂಡು ಊರು ಬಿಟ್ಟು ಬೆಂಗಳೂರಿನ ಕಟ್ಟಡದ ಮಣ್ಣು ಹೊರುವ ಕೈಗಳೇ ಅವು. ಹಟ್ಟಿಯಲ್ಲಿಯೇ ನೂತು ಅಷ್ಟು ಕೂಲಿ ಹುಟ್ಟುವುದಾದರೆ ಊರು ಬಿಡುವುದೋ ಇರುವುದೋ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರದಾಗುತ್ತದೆ. ಈಗ ಆ ಸ್ವಾತಂತ್ರ್ಯವೂ ಇಲ್ಲ.

ಆದ ಕಾರಣ ನಾವು ಸರ್ಕಾರದ ಮುಂದೆ ಇಡುವ ಬೇಡಿಕೆಗಳು ಇವು.

ಒಂದು: ಉಣ್ಣೆ ಕತ್ತರಿಸುವ ಎರಡು ಕಾಲಗಳಲ್ಲಿಯೂ ತಾಲ್ಲೂಕಿಗೊಂದು ಖರೀದಿ ಕೇಂದ್ರ ತೆರೆಯಬೇಕು. ಕತ್ತರಿಯ ಕೂಲಿಯನ್ನಾದರೂ ತುಂಬಿಕೊಟ್ಟು ಮೇಲೆ ಲಾಭ ಉಳಿಯುವಂಥ ಕನಿಷ್ಠ ಬೆಲೆಯನ್ನು ಮೊದಲೇ ಸಾರಬೇಕು. ಇದಕ್ಕೆಂದೇ ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. ಅದರ ಹೆಸರಿನಲ್ಲಿರುವ ಉಣ್ಣೆ ಎಂಬ ಶಬ್ದಕ್ಕೆ ಅರ್ಥ ಬರಲಿ.

ಎರಡು: ಕೈನೂಲಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಬೇಕು. ಎಂಟು ಗಂಟೆಯ ನೂಲಿಗೆ ಮಣ್ಣು ಕೆಲಸದ ದಿನಗೂಲಿಗಿಂತ ಕಡಿಮೆ ಬೀಳಕೂಡದು. ಹಣ ನೂತವಳ ಹೆಸರಿಗೇ ಸೇರಬೇಕು, ಮನೆಯ ಯಜಮಾನನ ಹೆಸರಿಗಲ್ಲ.

ಮೂರು: ಹಿಂಜುವ ಸಣ್ಣ ಯಂತ್ರ, ಕಾಲಿನಿಂದಲೋ ವಿದ್ಯುತ್ತಿನಿಂದಲೋ ತಿರುಗುವ ಒಳ್ಳೆಯ ರಾಟೆ ಹಟ್ಟಿಗೆ ಬರಬೇಕು, ಆದರೆ ಅದು ನೂಲುವವರ ಸಹಕಾರ ಸಂಘದ ಸ್ವತ್ತಾಗಿರಬೇಕು, ಗುತ್ತಿಗೆದಾರನ ಸ್ವತ್ತಲ್ಲ. ಡಾಕ್ಟರ್ ಲೋಹಿಯಾ ಸಣ್ಣ ಯಂತ್ರದ ಮಾತನ್ನು ಮತ್ತೆ ಮತ್ತೆ ಆಡಿದ್ದು ಇಂಥ ಕಡೆಗಾಗಿಯೇ. ಯಂತ್ರ ಬೇಡ ಎಂಬುದು ಅವರ ವಾದವಾಗಿರಲಿಲ್ಲ. ದುಡಿಯುವವನ ಕೈಮೀರದ ಯಂತ್ರ ಬೇಕು ಎಂಬುದು ಅವರ ವಾದ.

ನಾಲ್ಕು: ಸರ್ಕಾರದ ವಿದ್ಯಾರ್ಥಿನಿಲಯಗಳು, ಆಸ್ಪತ್ರೆಗಳು, ಜೈಲುಗಳು, ಅರಣ್ಯ ಕಾವಲುಗಾರರು ಇವರಿಗೆ ಕೊಳ್ಳುವ ಹೊದಿಕೆಗಳಲ್ಲಿ ಗೊತ್ತಾದ ಒಂದು ಪಾಲು ಕೈಯಿಂದ ನೂತು ಕೈಯಿಂದ ನೇಯ್ದ ಕಂಬಳಿಯಾಗಿರಬೇಕು. ಟೆಂಡರಿನಲ್ಲಿ ಅಗ್ಗದ ಮಾಲೇ ಗೆಲ್ಲಬೇಕೆಂಬ ನಿಯಮ ಇಲ್ಲಿ ನಡೆಯಕೂಡದು. ನೂಲುವವಳ ಕೂಲಿ ಸೇರಿಸಿದ ಬೆಲೆಯೇ ಕಂಬಳಿಯ ನಿಜವಾದ ಬೆಲೆ.

ಐದು: ಉಳಿದಿರುವ ಕಾವಲು, ಗೋಮಾಳಗಳನ್ನು ಕುರಿಗಾರರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡುವುದು ನಿಲ್ಲಬೇಕು. ಉಣ್ಣೆಯುಳ್ಳ ದಖ್ಖನಿ ತಳಿಯ ಟಗರುಗಳನ್ನು ಸರ್ಕಾರವೇ ಸಾಕಿ ಮಂದೆಗಳಿಗೆ ಒದಗಿಸಬೇಕು.

ಇವು ಅತಿಯಾಸೆಯ ಬೇಡಿಕೆಗಳೆಂದು ಯಾರಿಗಾದರೂ ಅನ್ನಿಸಿದರೆ ಒಂದು ಹಳೆಯ ಸಂಗತಿ ನೆನಪಿಸುತ್ತೇವೆ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರ ಮೊದಲ ತಕರಾರು ಗೇಣಿಯ ಬತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಧಣಿಯ ಕೊಳಗ ದೊಡ್ಡದು, ಅದು ನ್ಯಾಯದ ಕೊಳಗವಲ್ಲ ಎಂದರು. ಒಂದು ಕೊಳಗಕ್ಕಾಗಿ ಇಷ್ಟು ಗಲಾಟೆಯೆ ಎಂದು ಅಂದು ನಕ್ಕವರಿದ್ದರು. ಆ ಕೊಳಗದಿಂದ ಹೊರಟ ಮಾತು ಉಳುವವನೇ ಹೊಲದೊಡೆಯ ಎಂಬಲ್ಲಿಯವರೆಗೆ ನಡೆಯಿತು.

ನೂಲುವವಳ ದುಡಿಮೆಗೆ ಇಂದಿನವರೆಗೆ ಕೊಳಗವೇ ಇಲ್ಲ. ಅಳೆದರೆ ತಾನೆ ಮೋಸ ಗೊತ್ತಾಗುವುದು? ಮೊದಲು ಅಳೆಯೋಣ. ಮುಂ‍ದಿನ ಉಣ್ಣೆ ಕತ್ತರಿಸುವ ಕಾಲದೊಳಗೆ ನಮ್ಮ ಪಕ್ಷದ ತಾಲ್ಲೂಕು ಸಮಿತಿಗಳು ಹಟ್ಟಿಹಟ್ಟಿಗೆ ಹೋಗಿ, ಎಷ್ಟು ಉಣ್ಣೆ ಕತ್ತರಿಸಿದರು, ಎಷ್ಟು ಎಸೆದರು, ನೂಲಬಲ್ಲ ಕೈಗಳು ಎಷ್ಟಿವೆ, ಒಂದು ಕಂಬಳಿಗೆ ಎಷ್ಟು ದಿನ ನೂತರು ಎಂದು ಹೆಂಗಸರನ್ನೇ ಕೇಳಿ ಬರೆದು ತರಲಿ. ಆ ಕಾಗದವನ್ನು ಹಿಡಿದು ಜಿಲ್ಲಾ ಕಚೇರಿಯ ಮುಂದೆ ಕೂರೋಣ. ಕೂರುವಾಗ ಹಾಸಿಕೊಳ್ಳಲು ಕಂಬಳಿ ಬೇಕಾದೀತು. ಅದನ್ನು ಪೂರಾ ಕೂಲಿ ಕೊಟ್ಟೇ ಕೊಳ್ಳೋಣ.